ಹಿಡಿದು ನಿಲ್ಲುವ ಮೀನು, ಸೀಳಿ ಸಾಗುವ ಹಕ್ಕಿ

ಗಲಾಪಗೋಸ್ ದ್ವೀಪಸಮೂಹದ ಅತಿ ದೊಡ್ಡ ದ್ವೀಪ ಇಸಾಬೆಲಾ. ಅದರ ವಾಯವ್ಯ ತುದಿಯಲ್ಲಿ ಪುಂಟಾ ವಿಸೆಂಟೆ ರೋಕಾ ಎಂಬ ಕಡಿದಾದ ಬಂಡೆಗೋಡೆ ಇದೆ. ಭೂಮಧ್ಯರೇಖೆ ಹತ್ತಿರದಲ್ಲೇ ಹಾದುಹೋದರೂ ಅಲ್ಲಿನ ನೀರು ತಂಪು. ಪಶ್ಚಿಮದಿಂದ ಆಳದಲ್ಲಿ ಹರಿದುಬರುವ ಕ್ರಾಮ್‌ವೆಲ್ ಪ್ರವಾಹ ದ್ವೀಪದ ಬುಡಕ್ಕೆ ಬಡಿದು ಮೇಲೇಳುತ್ತದೆ, ತಂಪಿನ ಜೊತೆಗೆ ಪೋಷಕಾಂಶಗಳನ್ನೂ ತರುತ್ತದೆ. ಬಂಡೆಯ ಮೈಗೆ ಅಂಟಿ ಬೆಳೆದ ಜೀವಿಗಳ ನಡುವೆ ಪೆಸಿಫಿಕ್ ಕಡಲಕುದುರೆ ಬಾಲ ಸುತ್ತಿಕೊಂಡು ನಿಂತಿರುತ್ತದೆ. ಅದರ ಮೇಲಿನ ನೀರಿನಲ್ಲಿ ಗಲಾಪಗೋಸ್ ಪೆಂಗ್ವಿನ್ ಸಣ್ಣ ಮೀನಿನ ಹಿಂಡನ್ನು ಅಟ್ಟಿಸಿಕೊಂಡು ಹೋಗುತ್ತದೆ. ಒಂದು ಮೀನು, ಇನ್ನೊಂದು ಹಕ್ಕಿ. ಒಂದಕ್ಕೆ ಚಲನೆಯೇ ಕಷ್ಟ, ಇನ್ನೊಂದಕ್ಕೆ ಚಲನೆಯೇ ಹೊಟ್ಟೆಪಾಡು. ಇವೆರಡೂ ಒಂದೇ ನೀರಿನಲ್ಲಿ ಕಾಣಸಿಗುವ ಜಾಗ ಭೂಮಿಯ ಮೇಲೆ ಹೆಚ್ಚಿಲ್ಲ.

ಎರಡನ್ನೂ ಒಟ್ಟಿಗೆ ಹೆಸರಿಸುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಎರಡರಲ್ಲೂ ಮರಿಯ ಹೊಣೆ ಹೊರುವುದು ಅಪ್ಪ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಇವುಗಳ ಬದುಕಿನ ಲೆಕ್ಕಾಚಾರ ಕೈತಪ್ಪಿಹೋಗುತ್ತದೆ. ಅಪ್ಪ ಹೊರುವ ಭಾರ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಅದರ ಹಿಂದಿರುವ ಎಣಿಕೆ ಪೂರ್ತಿ ತಿರುಗುಮುರುಗು. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಮೈಕಟ್ಟನ್ನು ನೋಡಬೇಕು.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಸೆಳೆದುಕೊಳ್ಳುತ್ತದೆ. ನೀರಿನಲ್ಲಿ ಬದುಕುವ ಯಾವ ಪ್ರಾಣಿಯೂ ಈ ಎರಡು ಸಂಗತಿಗಳಿಗೆ ಉತ್ತರ ಹೇಳಲೇಬೇಕು. ಕಡಲಕುದುರೆಯ ಉತ್ತರ, ಚಲಿಸುವುದನ್ನೇ ಆದಷ್ಟು ಕಡಿಮೆ ಮಾಡುವುದು. ಅದರ ಮೈಬಿಸಿ ಸುತ್ತಲಿನ ನೀರಿನ ಬಿಸಿಯಷ್ಟೇ ಇರುವುದರಿಂದ ಶಾಖ ಕಳೆದುಕೊಳ್ಳುವ ಚಿಂತೆಯೂ ಇಲ್ಲ. ಪೆಂಗ್ವಿನ್ನಿಗೆ ಎರಡೂ ಚಿಂತೆ ಇದೆ. ಅದು ಬಿಸಿರಕ್ತದ ಹಕ್ಕಿ, ಬೇಟೆಯ ಹಿಂದೆ ಓಡಬೇಕಾದ ಹಕ್ಕಿ.

ಕಡಲಕುದುರೆಯ ಮೈಮೇಲೆ ಮೀನಿನ ಹುರುಪೆ ಇರುವುದಿಲ್ಲ. ತೆಳು ಚರ್ಮದ ಕೆಳಗೆ ಎಲುಬಿನ ಫಲಕಗಳು ಉಂಗುರ ಉಂಗುರವಾಗಿ ಜೋಡಣೆಗೊಂಡಿರುತ್ತವೆ. ಬಾಲದ ತುದಿಯಲ್ಲಿ ಈಜುರೆಕ್ಕೆ ಇಲ್ಲ, ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆಗಳೂ ಇಲ್ಲ. ಹುಲಿಬಾಲದ ಕಡಲಕುದುರೆಯ ಪೂರ್ತಿ ಜೀನೋಮನ್ನು 2016ರಲ್ಲಿ ಓದಿದಾಗ ಅದರಲ್ಲಿ ಟಿಬಿಎಕ್ಸ್4 ಎಂಬ ಜೀನ್ ಇಲ್ಲವೆಂದು ಗೊತ್ತಾಯಿತು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಹಿಂಗಾಲು ಅಥವಾ ಹೊಟ್ಟೆಯ ಈಜುರೆಕ್ಕೆ ಮೂಡಿಸುವ ಜೀನ್ ಅದು. ಪ್ರಯೋಗಾಲಯದಲ್ಲಿ ಜೀಬ್ರಾಮೀನಿನಿಂದ ಅದೇ ಜೀನನ್ನು ತೆಗೆದಾಗ ಆ ಮೀನಿಗೂ ಹೊಟ್ಟೆಯ ಈಜುರೆಕ್ಕೆ ಬೆಳೆಯಲಿಲ್ಲ.

ಮುಂದಕ್ಕೆ ತಳ್ಳುವ ಕೆಲಸವೆಲ್ಲ ಬೆನ್ನಿನ ಮೇಲಿನ ಒಂದು ಪುಟ್ಟ ಈಜುರೆಕ್ಕೆಯದು. ಸೆಕೆಂಡಿಗೆ 35 ಬಾರಿಯಷ್ಟು ಬಡಿದರೂ ಅದು ಕೊಡುವ ನೂಕು ಅಲ್ಪ. ಕೆನ್ನೆಯ ಪಕ್ಕದ ಎರಡು ಸಣ್ಣ ರೆಕ್ಕೆಗಳು ದಿಕ್ಕು ತಿರುಗಿಸಲು ಮಾತ್ರ. ಕುಳ್ಳ ಕಡಲಕುದುರೆ ಎಂಬ ಪುಟಾಣಿ ಜಾತಿಯನ್ನು ಮೀನುಗಳಲ್ಲೇ ಅತಿ ನಿಧಾನದ್ದೆಂದು ಗುರುತಿಸಲಾಗಿದೆ. ಅದು ಗಂಟೆಗೆ ಕ್ರಮಿಸುವುದು ಸುಮಾರು ಒಂದೂವರೆ ಮೀಟರ್.

ಈಜಲಾಗದ ಮೀನು ಹಿಡಿದುಕೊಳ್ಳಬೇಕು. ಬಾಲ ಇರುವುದು ಅದಕ್ಕೆ. ಸಾಮಾನ್ಯವಾಗಿ ಪ್ರಾಣಿಗಳ ಬಾಲವನ್ನು ಅಡ್ಡ ಕತ್ತರಿಸಿದರೆ ಗುಂಡಗೆ ಕಾಣುತ್ತದೆ, ಕಡಲಕುದುರೆಯದು ಚೌಕ. ಪ್ರತಿ ಉಂಗುರದಲ್ಲೂ ಎಲ್ ಆಕಾರದ ನಾಲ್ಕು ಫಲಕಗಳು, ಅಂಚಿನಲ್ಲಿ ಒಂದರ ಮೇಲೊಂದು ಜಾರುವಂತೆ ಕೂಡಿಕೊಂಡಿರುತ್ತವೆ. ಈ ಚೌಕದ ಗುಟ್ಟನ್ನು 2015ರಲ್ಲಿ ವಿಜ್ಞಾನಿ ಮೈಕೆಲ್ ಪೋರ್ಟರ್ ಮತ್ತು ಸಂಗಡಿಗರು 3ಡಿ ಮುದ್ರಣದಲ್ಲಿ ತಯಾರಿಸಿದ ಮಾದರಿಗಳಿಂದ ಪರೀಕ್ಷಿಸಿದರು. ಗುಂಡನೆಯ ಮಾದರಿಗಿಂತ ಚೌಕದ್ದು ಜಜ್ಜುವ ಹೊಡೆತವನ್ನು ಚೆನ್ನಾಗಿ ತಡೆಯಿತು, ತಿರುಚಿ ಬಿಟ್ಟಾಗ ತಾನಾಗಿಯೇ ಮೊದಲ ಆಕಾರಕ್ಕೆ ಮರಳಿತು. ಚಪ್ಪಟೆ ಬದಿ ಇರುವುದರಿಂದ ಹುಲ್ಲಿನ ಗರಿಯನ್ನು ಹಿಡಿಯುವಾಗ ತಾಗುವ ಮೈಯೂ ಹೆಚ್ಚು. ಏಡಿ ಕಚ್ಚಿ ಹಿಸುಕಿದರೆ ಫಲಕಗಳು ಜಾರಿ ಒಳಸರಿಯುತ್ತವೆ, ನಡುವಿನ ಬೆನ್ನೆಲುಬು ಉಳಿಯುತ್ತದೆ. ಹಿಡಿತ ಮತ್ತು ಕವಚ ಎರಡೂ ಒಂದೇ ರಚನೆಯಲ್ಲಿ ಸಿಕ್ಕಿವೆ. ಕಡಲಕುದುರೆಯ ಅಂಗಗಳಲ್ಲೆಲ್ಲ ನನಗೆ ಅತ್ಯಂತ ಅಚ್ಚರಿ ತರುವುದು ಇದೇ.

ಇಷ್ಟು ನಿಧಾನದ ಪ್ರಾಣಿ ಬೇಟೆಯಾಡುವುದು ಹೇಗೆ? ಅದರ ಮುಖ್ಯ ಆಹಾರ ಕೊಪೆಪಾಡ್ ಎಂಬ ಪುಟ್ಟ ಕಠಿಣಚರ್ಮಿಗಳು. ನೀರು ಚೂರು ಕದಡಿದರೂ ಅವಕ್ಕೆ ತಿಳಿಯುತ್ತದೆ, ಸೆಕೆಂಡಿಗೆ ತಮ್ಮ ಮೈಯುದ್ದದ 500 ಪಟ್ಟು ದೂರ ಜಿಗಿಯಬಲ್ಲ ವೇಗದಲ್ಲಿ ಪಾರಾಗುತ್ತವೆ. ಕುಳ್ಳ ಕಡಲಕುದುರೆಯ ಮೂತಿಯ ಸುತ್ತ ನೀರು ಹೇಗೆ ಹರಿಯುತ್ತದೆಂದು 2013ರಲ್ಲಿ ಅಳೆದು ನೋಡಲಾಯಿತು. ಮೂತಿಯ ತುದಿಯ ಮೇಲಿನ ನೀರು ಬಹುತೇಕ ಅಲುಗಾಡುವುದೇ ಇಲ್ಲ. ತಲೆಯ ಆಕಾರವೇ ಹಾಗಿದೆ. ಕೊಪೆಪಾಡಿನಿಂದ ಒಂದು ಮಿಲಿಮೀಟರ್ ದೂರದವರೆಗೂ ಸದ್ದಿಲ್ಲದೆ ತೇಲಿಹೋಗಿ, ಕತ್ತಿನಲ್ಲಿ ಬಿಲ್ಲಿನಂತೆ ಎಳೆದಿಟ್ಟ ಸ್ನಾಯುರಜ್ಜುವನ್ನು ಸಡಿಲಿಸಿ ತಲೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮೂತಿ ಬೇಟೆಯನ್ನು ತಲುಪುವುದಕ್ಕೆ ಒಂದು ಮಿಲಿಸೆಕೆಂಡ್ ಕೂಡ ಬೇಕಿಲ್ಲ. ನಿಂತ ನೀರಿನಲ್ಲಿ ಹತ್ತಕ್ಕೆ ಒಂಬತ್ತು ಬಾರಿ ಬೇಟೆ ಸಿಕ್ಕೇ ಸಿಗುತ್ತದೆ. ಇಷ್ಟು ನಿಖರ ಬೇಟೆಗಾರರು ಸಮುದ್ರದಲ್ಲಿ ಬೆರಳೆಣಿಕೆಯಷ್ಟು.

ಹಿಡಿದದ್ದನ್ನು ಅಗಿಯಲು ಹಲ್ಲಿಲ್ಲ, ಕೂಡಿಟ್ಟುಕೊಳ್ಳಲು ಜಠರವಿಲ್ಲ. ನುಂಗಿದ್ದು ನೇರವಾಗಿ ಕರುಳಿಗೆ ಹೋಗಿ ಬೇಗ ಹೊರಬೀಳುತ್ತದೆ. ಹಾಗಾಗಿ ದಿನವಿಡೀ ತಿನ್ನುತ್ತಲೇ ಇರಬೇಕು. ಉಪವಾಸ ತಾಳುವ ಶಕ್ತಿ ಇಲ್ಲವೆಂಬ ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪೆಂಗ್ವಿನ್ ಹಾರುವುದನ್ನು ಬಿಟ್ಟು ಮುಳುಗುವುದನ್ನು ಕಲಿತ ಹಕ್ಕಿ. ನ್ಯೂಜಿಲೆಂಡಿನಲ್ಲಿ ಸಿಕ್ಕ, ವೈಮಾನು ಎಂಬ ಪುರಾತನ ಪೆಂಗ್ವಿನ್ನಿನ ಪಳೆಯುಳಿಕೆಗಳು 6 ಕೋಟಿ ವರ್ಷಗಳಿಗಿಂತ ಹಳೆಯವು, ಆ ಹೊತ್ತಿಗಾಗಲೇ ಅದು ಹಾರುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆಂಗ್ವಿನ್ನನ್ನು ತೀರಾ ಪ್ರಾಚೀನ ಹಕ್ಕಿಯೆಂದೂ ಅದರ ಭ್ರೂಣದಲ್ಲಿ ಸರೀಸೃಪದ ಹುರುಪೆ ಗರಿಯಾಗುವ ಹಂತ ಕಾಣಬಹುದೆಂದೂ ಕೆಲವರು ನಂಬಿದ್ದರು. ಆ ಭ್ರೂಣಕ್ಕಾಗಿಯೇ 1911ರ ಚಳಿಗಾಲದ ಕತ್ತಲೆಯಲ್ಲಿ ಎಡ್ವರ್ಡ್ ವಿಲ್ಸನ್, ಹೆನ್ರಿ ಬೋವರ್ಸ್, ಆಪ್ಸ್ಲಿ ಚೆರಿ-ಗ್ಯಾರಾರ್ಡ್ ಎಂಬ ಮೂವರು ಬ್ರಿಟಿಷ್ ಅನ್ವೇಷಕರು ಅಂಟಾರ್ಕ್ಟಿಕಾದ ಕೇಪ್ ಕ್ರೋಜಿಯರ್‌ಗೆ ಸ್ಲೆಡ್ಜ್ ಎಳೆದುಕೊಂಡು ಹೋದರು. ಶೂನ್ಯಕ್ಕಿಂತ 60 ಡಿಗ್ರಿ ಕೆಳಗಿನ ಚಳಿಯಲ್ಲಿ ಅವರು ಉಳಿಸಿ ತಂದದ್ದು ಮೂರು ಮೊಟ್ಟೆ. ಅವು ಆ ನಂಬಿಕೆಗೆ ಆಧಾರವನ್ನೇನೂ ಕೊಡಲಿಲ್ಲ. ಪೆಂಗ್ವಿನ್ ಪ್ರಾಚೀನವಾದದ್ದರಿಂದ ಹಾರದೆ ಉಳಿದದ್ದಲ್ಲ, ಹಾರುವ ಪೂರ್ವಜರಿಂದಲೇ ಬಂದು ಆ ರೆಕ್ಕೆಯನ್ನು ನೀರಿಗೆ ಒಗ್ಗಿಸಿಕೊಂಡದ್ದು.

ಹಾರುವ ಹಕ್ಕಿಗಳ ಎಲುಬು ಟೊಳ್ಳು. ಪೆಂಗ್ವಿನ್ನಿನದು ಗಟ್ಟಿ, ಭಾರ, ಮುಳುಗಲು ಅನುಕೂಲ. ರೆಕ್ಕೆಯ ಮೂಳೆಗಳು ಚಪ್ಪಟೆಯಾಗಿ, ಕೀಲುಗಳು ಬಿಗಿಯಾಗಿ, ಇಡೀ ರೆಕ್ಕೆ ದೋಣಿಯ ಹುಟ್ಟಿನಂತಾಗಿದೆ. ಗಾಳಿಯಲ್ಲಿ ಹಕ್ಕಿಗೆ ರೆಕ್ಕೆ ಕೆಳಕ್ಕೆ ಬಡಿದಾಗ ಮುಖ್ಯ ನೂಕು ಸಿಗುತ್ತದೆ. ಪೆಂಗ್ವಿನ್ ಮೇಲಕ್ಕೆತ್ತುವಾಗಲೂ ನೂಕು ಪಡೆಯುತ್ತದೆ. ಎಂಪರರ್ ಪೆಂಗ್ವಿನ್ 564 ಮೀಟರ್ ಆಳಕ್ಕೆ ಇಳಿದ ದಾಖಲೆ ಇದೆ. ಒಂದೇ ಉಸಿರಿನಲ್ಲಿ 32 ನಿಮಿಷ ಮುಳುಗಿದ್ದ ದಾಖಲೆಯೂ ಇದೆ. ಸ್ನಾಯುಗಳಲ್ಲಿ ತುಂಬಿರುವ ಮಯೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಳದಲ್ಲಿ ಎದೆಬಡಿತ ನಿಮಿಷಕ್ಕೆ 20ಕ್ಕಿಂತಲೂ ಕೆಳಗಿಳಿಯುತ್ತದೆ. ಮೇಲೆ ಬರುವಾಗ ಗರಿಗಳ ನಡುವೆ ಹಿಡಿದಿಟ್ಟ ಗಾಳಿಯನ್ನು ಅತಿ ಸಣ್ಣ ಗುಳ್ಳೆಗಳಾಗಿ ಬಿಡುತ್ತದೆ. ಆ ಗುಳ್ಳೆಯ ಹೊದಿಕೆ ಮೈಗೂ ನೀರಿಗೂ ನಡುವಿನ ಎಳೆತವನ್ನು ತಗ್ಗಿಸುವುದರಿಂದ, ನೀರಿನಿಂದ ಚಿಮ್ಮಿ ಹಿಮದ ದಂಡೆಯ ಮೇಲೆ ಬೀಳುವಷ್ಟು ವೇಗ ಸಿಗುತ್ತದೆ.

ಶಾಖ ಕಾಯುವ ಏರ್ಪಾಡು ಎರಡು ಹಂತದ್ದು. ಹೊರಗೆ ಒತ್ತೊತ್ತಾಗಿ ಹೊಂದಿಕೊಂಡ ಗಟ್ಟಿ ಗರಿ, ಅದರ ಬುಡದಲ್ಲಿ ಮೃದು ತುಪ್ಪುಳ. ಗಾಳಿಯನ್ನು ಹಿಡಿದಿಡುವುದು ಈ ತುಪ್ಪುಳವೇ. ಕಾಲು, ರೆಕ್ಕೆಗಳಲ್ಲಿ ಬಿಸಿರಕ್ತ ಹೊರಕ್ಕೆ ಒಯ್ಯುವ ನಾಳವೂ ತಣ್ಣನೆಯ ರಕ್ತ ಒಳಕ್ಕೆ ತರುವ ನಾಳವೂ ಮೈಗೆ ಮೈ ತಾಗಿಸಿ ಸಾಗುತ್ತವೆ. ಹೊರಹೋಗುವ ಬಿಸಿ ಒಳಬರುವ ರಕ್ತಕ್ಕೆ ದಾಟುತ್ತದೆ, ಪಾದ ತಣ್ಣಗಿದ್ದರೂ ಒಡಲು ಬೆಚ್ಚಗಿರುತ್ತದೆ. ಕಣ್ಣಿನ ಮೇಲ್ಭಾಗದ ಗ್ರಂಥಿ ರಕ್ತದ ಹೆಚ್ಚಿನ ಉಪ್ಪನ್ನು ಸೋಸಿ ಕೊಕ್ಕಿನ ಮೂಲಕ ಹೊರಹಾಕುತ್ತದೆ. ಇವೆಲ್ಲದರ ನಡುವೆ ಕಳೆದುಕೊಂಡದ್ದೂ ಇದೆ. ಸಿಹಿ, ಕಹಿ, ಉಮಾಮಿ ರುಚಿಗಳನ್ನು ಗುರುತಿಸುವ ಜೀನ್‌ಗಳು ಪೆಂಗ್ವಿನ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಮೀನನ್ನೇ ತಿನ್ನುವ ಹಕ್ಕಿಗೆ ಮೀನಿನ ಮಾಂಸದ ರುಚಿ ತಿಳಿಯದು.

ಅಪ್ಪಂದಿರ ವಿಷಯಕ್ಕೆ ಬರೋಣ.

ಕಡಲಕುದುರೆಗಳ ಪ್ರಣಯ ದಿನಗಟ್ಟಲೆ ನಡೆಯುತ್ತದೆ. ಹಲವು ಜಾತಿಗಳಲ್ಲಿ ಜೋಡಿ ಪ್ರತಿದಿನ ಬೆಳಿಗ್ಗೆ ಭೇಟಿಯಾಗುತ್ತದೆ, ಮೈಬಣ್ಣ ತಿಳಿಯಾಗುತ್ತದೆ, ಒಂದೇ ಕಡ್ಡಿಗೆ ಬಾಲ ಸುತ್ತಿ ಎರಡೂ ಸುತ್ತು ಹಾಕುತ್ತವೆ. ಇದರಿಂದ ಹೆಣ್ಣಿನ ಮೊಟ್ಟೆ ಮಾಗುವುದೂ ಗಂಡಿನ ಚೀಲ ಸಿದ್ಧವಾಗುವುದೂ ಒಂದೇ ಹೊತ್ತಿಗೆ ಕೂಡಿಬರುತ್ತದೆ. ಕೂಡಿಬರದಿದ್ದರೆ ಮಾಗಿದ ಮೊಟ್ಟೆಗಳನ್ನು ಹೆಣ್ಣು ನೀರಿಗೇ ಸುರಿಯಬೇಕಾಗುತ್ತದೆ. ಕೊನೆಗೆ ಎರಡೂ ಎದುರುಬದುರಾಗಿ ಮೇಲೇರುತ್ತವೆ, ಹೆಣ್ಣು ತನ್ನ ಮೊಟ್ಟೆನಾಳವನ್ನು ಗಂಡಿನ ಹೊಟ್ಟೆಚೀಲದ ಬಾಯಿಗಿಟ್ಟು ಕೆಲವೇ ಸೆಕೆಂಡುಗಳಲ್ಲಿ ಮೊಟ್ಟೆ ಒಪ್ಪಿಸುತ್ತದೆ.

ಆ ಚೀಲ ಬರೀ ಜೋಳಿಗೆಯಲ್ಲ. ಅದರ ಒಳಪದರ ದಪ್ಪಗಾಗಿ ಪ್ರತಿ ಮೊಟ್ಟೆಯನ್ನೂ ಸುತ್ತಿಕೊಳ್ಳುತ್ತದೆ, ರಕ್ತನಾಳಗಳು ಹೆಚ್ಚುತ್ತವೆ, ದಿನ ಕಳೆದಂತೆ ನಡುವಿನ ಗೋಡೆ ತೆಳುವಾಗಿ ಆಮ್ಲಜನಕ ಸುಲಭವಾಗಿ ದಾಟುತ್ತದೆ. ಮರಿಗೆ ಬೇಕಾದ ಶಕ್ತಿಯ ಬಹುಪಾಲು ತಾಯಿ ಕೊಟ್ಟ ಭಂಡಾರದಿಂದಲೇ ಬರುತ್ತದೆ, ಅಪ್ಪ ಕೊಡುವುದು ಉಸಿರು, ಲವಣಗಳ ಸಮತೋಲ, ರೋಗಾಣುಗಳಿಂದ ರಕ್ಷಣೆ, ಸ್ವಲ್ಪ ಪೋಷಣೆ. ಆರಂಭದಲ್ಲಿ ಚೀಲದ ದ್ರವ ಅಪ್ಪನ ರಕ್ತದ ಉಪ್ಪಿನ ಮಟ್ಟಕ್ಕೆ ಹತ್ತಿರ ಇರುತ್ತದೆ. ಹೆರಿಗೆ ಸಮೀಪಿಸಿದಂತೆ ಅದು ಕಡಲನೀರಿನ ಮಟ್ಟಕ್ಕೆ ಏರುತ್ತದೆ. ಹಾಗೆ ಒಗ್ಗಿಸದಿದ್ದರೆ ಹೊರಬಿದ್ದ ಕ್ಷಣವೇ ಉಪ್ಪಿನ ಆಘಾತಕ್ಕೆ ಮರಿ ಸಾಯುತ್ತಿತ್ತು. ಜಾತಿ ಮತ್ತು ನೀರಿನ ಬಿಸಿಯ ಮೇಲೆ ಗರ್ಭದ ಅವಧಿ ನಿಲ್ಲುತ್ತದೆ, ಹೆಚ್ಚಿನವಕ್ಕೆ ಎರಡರಿಂದ ನಾಲ್ಕು ವಾರ. ಆಮೇಲೆ ಅಪ್ಪ ಮೈ ಮುಂದಕ್ಕೆ ಹಿಂದಕ್ಕೆ ಬಾಗಿಸಿ ಚೀಲವನ್ನು ಒತ್ತಿ ಮರಿಗಳನ್ನು ಚಿಮ್ಮಿಸುತ್ತದೆ. ಚಿಕ್ಕ ಜಾತಿಗಳಲ್ಲಿ ಹತ್ತಾರು ಮರಿ, ದೊಡ್ಡವುಗಳಲ್ಲಿ ಸಾವಿರ ದಾಟಬಹುದು.

ಅಲ್ಲಿಗೆ ಅಪ್ಪನ ಹೊಣೆ ಮುಗಿಯಿತು. ಸೆಂಟಿಮೀಟರಿನಷ್ಟಿರುವ ಮರಿಗಳು ಅಲೆಯ ಪಾಲು. ಅಪ್ಪ ಒಂದೆರಡು ದಿನದೊಳಗೆ, ಕೆಲವೊಮ್ಮೆ ಅದೇ ದಿನ, ಮತ್ತೆ ಮೊಟ್ಟೆ ಪಡೆಯಲು ಸಿದ್ಧ. ಮರಿಗಳಲ್ಲಿ ದೊಡ್ಡದಾಗಿ ಬೆಳೆಯುವುದು ಇನ್ನೂರಕ್ಕೆ ಒಂದು ಎಂಬ ಅಂದಾಜಿದೆ. ಇದನ್ನು ಕಠೋರವೆನ್ನಲು ನಾನು ಒಪ್ಪುವುದಿಲ್ಲ. ಇಷ್ಟು ನಿಧಾನದ ಅಪ್ಪ ಇಷ್ಟೊಂದು ಮರಿಗಳ ಹಿಂದೆ ಹೋಗಿ ಕಾಯುವುದಾದರೂ ಹೇಗೆ? ಅದರ ಕೈಲಾದದ್ದು ಮರಿಯನ್ನು ಮೊಟ್ಟೆಯ ಹಂತದ ಅಪಾಯದಿಂದ ದಾಟಿಸಿ, ಹುಟ್ಟಿದ ದಿನವೇ ಬೇಟೆಯಾಡಬಲ್ಲಂತೆ ಮಾಡಿ ಬಿಡುವುದು. ಅದನ್ನದು ಪೂರ್ತಿಯಾಗಿ ಮಾಡುತ್ತದೆ.

ಪೆಂಗ್ವಿನ್ನಿನ ಅಪ್ಪ ಎಂದಾಗ ಎಲ್ಲರ ಮನಸ್ಸಿನಲ್ಲಿರುವುದು ಎಂಪರರ್. ಇಲ್ಲಿ ಒಂದು ತಿದ್ದುಪಡಿ ಬೇಕು. ಸುಮಾರು 18 ಜಾತಿಯ ಪೆಂಗ್ವಿನ್‌ಗಳಿವೆ. ಅಡೇಲಿ, ಜೆಂಟೂ, ಆಫ್ರಿಕನ್, ಕಿಂಗ್ ಮುಂತಾದವುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತಾರೆ. ಕಾವಿನ ಇಡೀ ಅವಧಿಯನ್ನು ಗಂಡು ಒಂಟಿಯಾಗಿ ಹೊರುವುದು ಎಂಪರರ್‌ನಲ್ಲಿ ಮಾತ್ರ.

ಅಂಟಾರ್ಕ್ಟಿಕಾದ ಚಳಿಗಾಲ ಕಾಲಿಡುವ ಮೇ, ಜೂನ್ ತಿಂಗಳಲ್ಲಿ ಹೆಣ್ಣು ಒಂದೇ ಒಂದು ಮೊಟ್ಟೆ ಇಡುತ್ತದೆ, ತೂಕ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. ಗೂಡಿಲ್ಲ, ಕಲ್ಲಿಲ್ಲ, ಕೆಳಗೆ ಬರೀ ಹೆಪ್ಪುಗಟ್ಟಿದ ಕಡಲು. ಮೊಟ್ಟೆ ಹೆಣ್ಣಿನ ಪಾದದಿಂದ ಗಂಡಿನ ಪಾದಕ್ಕೆ ಉರುಳಬೇಕು. ಎಡವಟ್ಟಾಗುವುದು ಇಲ್ಲೇ. ಅನುಭವವಿಲ್ಲದ ಜೋಡಿ ತಡವರಿಸಿದರೆ ಮೊಟ್ಟೆ ಮಂಜಿನ ಮೇಲೆ ಉಳಿದು ನಿಮಿಷಗಳಲ್ಲಿ ಒಳಗಿನ ಜೀವ ಹೆಪ್ಪುಗಟ್ಟುತ್ತದೆ. ಸಾಗಿಸಿದ ಮೇಲೆ ಹೆಣ್ಣು ಸಮುದ್ರಕ್ಕೆ ಹೋಗುತ್ತದೆ. ಗಂಡು ಹೊಟ್ಟೆಯ ಗರಿಯಿಲ್ಲದ ಚರ್ಮವನ್ನು ಮೊಟ್ಟೆಗೆ ತಾಗಿಸಿ, ಮೇಲೆ ಚರ್ಮದ ಮಡಿಕೆ ಇಳಿಬಿಟ್ಟು ಸುಮಾರು 65 ದಿನ ನಿಲ್ಲುತ್ತದೆ. ಹೊರಗೆ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿದ್ದರೂ ಒಳಗೆ ಮೊಟ್ಟೆಗೆ 35 ಡಿಗ್ರಿಯ ಆಸುಪಾಸಿನ ಬಿಸಿ. ಕೂಡುವ ದಿನಗಳಿಂದ ಲೆಕ್ಕ ಹಾಕಿದರೆ ಗಂಡಿನ ಉಪವಾಸ ಸುಮಾರು 115 ದಿನ, ತೂಕದಲ್ಲಿ ಶೇಕಡಾ 40ರಷ್ಟು ಕರಗಿಹೋಗುತ್ತದೆ.

ಒಂಟಿಯಾಗಿ ನಿಂತಿದ್ದರೆ ಅಷ್ಟು ದಿನ ಕೊಬ್ಬು ಸಾಲುತ್ತಿರಲಿಲ್ಲ. ಅದಕ್ಕೇ ಗುಂಪು. ಚದರ ಮೀಟರಿಗೆ ಹತ್ತು ಹಕ್ಕಿಗಳವರೆಗೂ ಒತ್ತಿ ನಿಲ್ಲುತ್ತವೆ, ಗುಂಪಿನ ನಡುವೆ ಬಿಸಿ 37 ಡಿಗ್ರಿಯವರೆಗೂ ಏರುವುದುಂಟು. ಅಷ್ಟು ಬಿಗಿಯಾದರೆ ಅಲುಗಾಡಲಾಗದೆ ಹೊರಗಿನವು ಹೊರಗೇ ಉಳಿಯಬೇಕಿತ್ತು. ಆದರೆ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಯಾವುದಾದರೂ ಹಕ್ಕಿ 5ರಿಂದ 10 ಸೆಂಟಿಮೀಟರ್ ಹೆಜ್ಜೆ ಇಡುತ್ತದೆ, ಪಕ್ಕದ್ದು ಇಡುತ್ತದೆ, ಅದು ಇಡೀ ಗುಂಪಿನಲ್ಲಿ ಅಲೆಯಾಗಿ ಹರಡುತ್ತದೆ. ಹೀಗೆ ಗುಂಪು ನಿಧಾನವಾಗಿ ಮರುಜೋಡಣೆಯಾಗುತ್ತಿರುತ್ತದೆ. ದೇಹದ ಕೊಬ್ಬು ಒಂದು ಮಿತಿಗಿಂತ ಕೆಳಗಿಳಿದು ಸ್ನಾಯುವಿನ ಪ್ರೋಟೀನ್ ಕರಗತೊಡಗಿದರೆ ಗಂಡು ಮೊಟ್ಟೆಯನ್ನು ಬಿಟ್ಟು ಸಮುದ್ರದ ಕಡೆ ನಡೆಯುತ್ತದೆ. ಇದರಲ್ಲಿ ತ್ಯಾಗವೂ ಇಲ್ಲ, ದ್ರೋಹವೂ ಇಲ್ಲ. ಹದಿನೈದಿಪ್ಪತ್ತು ವರ್ಷ ಬದುಕಬಲ್ಲ ಹಕ್ಕಿಗೆ ಈ ಮೊಟ್ಟೆ ಹೋದರೆ ಮುಂದಿನ ವರ್ಷ ಇನ್ನೊಂದು ಸಿಗುತ್ತದೆ, ತಾನೇ ಹೋದರೆ ಎಲ್ಲವೂ ಹೋಯಿತು.

ತಾಯಿ ಬರುವ ಮೊದಲೇ ಮರಿ ಹೊರಬಂದರೆ, ಇಷ್ಟು ದಿನ ತಿನ್ನದ ಅಪ್ಪ ಅನ್ನನಾಳದಿಂದ ಮೊಸರಿನಂಥ ಸ್ರಾವ ಒಸರಿಸಿ ಕೆಲವು ದಿನ ಮರಿಯನ್ನು ಉಳಿಸುತ್ತದೆ. ಹಿಂತಿರುಗಿದ ತಾಯಿ ಸಾವಿರಾರು ಹಕ್ಕಿಗಳ ನಡುವೆ ತನ್ನ ಸಂಗಾತಿಯನ್ನು ಕಂಡುಕೊಳ್ಳುವುದು ದನಿಯಿಂದ. ಹಕ್ಕಿಗಳ ದನಿಪೆಟ್ಟಿಗೆಗೆ ಎರಡು ಕವಲು. ಎಂಪರರ್ ಎರಡರಿಂದಲೂ ಒಂದೇ ಸಲ ತುಸು ಬೇರೆ ಬೇರೆ ಸ್ವರ ಹೊರಡಿಸುತ್ತದೆ, ಎರಡೂ ಬೆರೆತು ಹುಟ್ಟುವ ಕಂಪನ ಪ್ರತಿ ಹಕ್ಕಿಗೂ ಪ್ರತ್ಯೇಕ.

ಕಡಲಕುದುರೆಗೆ ದಿನದ ಉಪವಾಸವೂ ಕಷ್ಟ, ಎಂಪರರ್‌ಗೆ ನಾಲ್ಕು ತಿಂಗಳಿನದು ಸಾಧ್ಯ. ಕಡಲಕುದುರೆ ಮರಿ ಹೊತ್ತೇ ಬೇಟೆಯಾಡಬಲ್ಲದು, ಹಾಗಾಗಿ ತುಂಬ ಮರಿ, ಅಗ್ಗದ ಮರಿ. ಎಂಪರರ್ ಮೊಟ್ಟೆ ಹೊತ್ತರೆ ಬೇಟೆ ನಿಂತಂತೆ, ಹಾಗಾಗಿ ಒಂದೇ ಮರಿ, ದುಬಾರಿ ಮರಿ. ಅಪ್ಪನ ಹೊಣೆಯ ಹಿಂದಿರುವ ವ್ಯತ್ಯಾಸದ ಬೇರು ಜಠರದಲ್ಲಿ ಮತ್ತು ಕೊಬ್ಬಿನಲ್ಲಿ ಇದೆ.

ಇನ್ನೊಂದು ವ್ಯತ್ಯಾಸ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಡಲಕುದುರೆಯಲ್ಲಿ ಮರಿ ಅಲೆಮಾರಿ. ಪ್ರವಾಹದ ಜೊತೆ ತೇಲುತ್ತದೆ, ತೇಲುವ ಪಾಚಿಯ ತುಣುಕಿಗೆ ಬಾಲ ಸುತ್ತಿ ದೂರ ಸಾಗುತ್ತದೆ. ದೊಡ್ಡದಾದ ಮೇಲೆ ಹಲವು ಜಾತಿಗಳು ಕೆಲವೇ ಚದರ ಮೀಟರ್ ಜಾಗದಲ್ಲಿ ದಿನ ಕಳೆಯುತ್ತವೆ. ಪೆಂಗ್ವಿನ್ನಿನಲ್ಲಿ ಇದು ತಲೆಕೆಳಗು. ದೊಡ್ಡದು ನೂರಾರು ಕಿಲೋಮೀಟರ್ ಸುತ್ತುತ್ತದೆ, ಮರಿ ಮಾತ್ರ ನೀರು ತಡೆಯುವ ಗರಿ ಬರುವವರೆಗೆ ನಿಂತ ನೆಲಕ್ಕೆ ಕಟ್ಟುಬಿದ್ದದ್ದು. ಹಾಗಾಗಿ ಒಂದು ಜಾಗ ಹಾಳಾದಾಗ ಈ ಎರಡು ಪ್ರಾಣಿಗಳಲ್ಲಿ ಸಾಯುವವರು ಬೇರೆ ಬೇರೆ.

ಟ್ರಾಲ್ ಬಲೆ ತಳವನ್ನು ಕೆರೆದು ಹೋದರೆ ಕಡಲಹುಲ್ಲಿನ ಹಾಸಿನ ಜೊತೆ ದೊಡ್ಡ ಕಡಲಕುದುರೆಗಳೂ ಹೋಗುತ್ತವೆ. ಓಡಲು ವೇಗವಿಲ್ಲ, ಬಿಡಲು ಹಿಡಿತ ಸಡಿಲವಾಗುವುದಿಲ್ಲ. ಬೇರೆ ಮೀನಿಗೆಂದು ಬೀಸಿದ ಬಲೆಗಳಲ್ಲಿ ವರ್ಷಕ್ಕೆ ಸುಮಾರು 3.7 ಕೋಟಿ ಕಡಲಕುದುರೆಗಳು ಸಿಕ್ಕಿಬೀಳುತ್ತವೆಂಬ ಅಂದಾಜು 2017ರಲ್ಲಿ ಬಂತು. ಬಸುರಿ ಗಂಡು ಸಿಕ್ಕರೆ ನೂರಾರು ಮರಿಗಳೂ ಹೋದಂತೆ, ಜೋಡಿ ತಪ್ಪಿದ ಹೆಣ್ಣು ಹೊಸ ಸಂಗಾತಿ ಹುಡುಕುವವರೆಗೆ ಸಂತಾನವೂ ನಿಲ್ಲುತ್ತದೆ. ಕಡಲಕುದುರೆ ಸಂಶೋಧಕಿ ಅಮಾಂಡಾ ವಿನ್ಸೆಂಟ್ ಅವರ ದಶಕಗಳ ಅಧ್ಯಯನ ಈ ಸಂಗತಿಗಳನ್ನು ಜಗತ್ತಿನ ಮುಂದಿಟ್ಟಿತು. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದ 2002ರಲ್ಲಿ ಕಡಲಕುದುರೆಗಳನ್ನು ತನ್ನ ಎರಡನೆಯ ಪಟ್ಟಿಗೆ ಸೇರಿಸಿತು, 2004ರ ಮೇ ತಿಂಗಳಿಂದ ಅದು ಜಾರಿಯಾಯಿತು. 10 ಸೆಂಟಿಮೀಟರಿಗಿಂತ ಚಿಕ್ಕವನ್ನು ಮಾರಬಾರದೆಂಬ ಸಲಹೆಯೂ ಬಂತು. ಹಿಡಿಯುವ ಮೊದಲು ಒಮ್ಮೆಯಾದರೂ ಸಂತಾನ ಮಾಡಿರಲಿ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಬಲೆ ಅಳತೆಪಟ್ಟಿ ನೋಡುವುದಿಲ್ಲ. ತಳ ಕೆರೆಯುವುದನ್ನು ತಡೆಯದೆ ವ್ಯಾಪಾರದ ನಿಯಮವೊಂದೇ ಸಾಲದು.

ಎಂಪರರ್‌ಗಳ ಕಥೆಯಲ್ಲಿ ಬಲೆಯ ಜಾಗದಲ್ಲಿ ಹಿಮಹಾಸು ಇದೆ. 2022ರ ಕೊನೆಯಲ್ಲಿ ಅಂಟಾರ್ಕ್ಟಿಕಾದ ಬೆಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಹಾಸು ಅವಧಿಗೆ ಮೊದಲೇ ಒಡೆಯಿತು. ಅಲ್ಲಿನ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಮರಿಗಳು ಉಳಿಯಲಿಲ್ಲವೆಂದು ಉಪಗ್ರಹ ಚಿತ್ರಗಳು ತೋರಿಸಿದವು. ತುಪ್ಪುಳದ ಮರಿ ನೀರಿಗೆ ಬಿದ್ದರೆ ನೆನೆದು ಹೋಗುತ್ತದೆ. ದೊಡ್ಡ ಹಕ್ಕಿಗಳಿಗೆ ದಾರಿ ಇದೆ. 2016ರಲ್ಲಿ ಹ್ಯಾಲಿ ಬೇ ನೆಲೆಯ ಹಾಸು ಒಡೆದ ಮೇಲೆ ಅಲ್ಲಿ ಸತತ ಮೂರು ವರ್ಷ ಮರಿಗಳೇ ಇಲ್ಲವೆಂಬ ಸ್ಥಿತಿ ಬಂತು, ಅದೇ ಹೊತ್ತಿಗೆ ದಕ್ಷಿಣಕ್ಕಿರುವ ಡಾಸನ್-ಲ್ಯಾಂಬ್ಟನ್ ನೆಲೆಯಲ್ಲಿ ಹಕ್ಕಿಗಳ ಸಂಖ್ಯೆ ಏರಿತು. ಆದರೆ ಜಾಗ ಬದಲಿಸುವ ದಾರಿ ಇರುವುದು ಹಾಸು ಉಳಿದಿರುವ ಜಾಗಗಳು ಉಳಿದಿರುವವರೆಗೆ.

ಇವನ್ನು ಸಾಕುವ ಜಾಗಗಳಲ್ಲೂ ತಪ್ಪುಗಳಾಗುವುದು ಇದೇ ಮೈಗುಣಗಳನ್ನು ಮರೆತಾಗ. ಕಡಲಕುದುರೆಯ ತೊಟ್ಟಿ ಅಗಲಕ್ಕಿಂತ ಎತ್ತರ ಮುಖ್ಯ, ಪ್ರಾಣಿಯ ಉದ್ದದ ಮೂರು ಪಟ್ಟಾದರೂ ಇರಬೇಕು. ಜೋಡಿ ಮೇಲೇರಿ ಮೊಟ್ಟೆ ದಾಟಿಸಲು ಆ ಎತ್ತರ ಬೇಕು. ಉಷ್ಣವಲಯದ ಜಾತಿಗಳಿಗೆ ನೀರು 22ರಿಂದ 24 ಡಿಗ್ರಿ ಸರಿ. ಅದಕ್ಕಿಂತ ಬಿಸಿಯಾದಷ್ಟೂ ವಿಬ್ರಿಯೊ ಬ್ಯಾಕ್ಟೀರಿಯಾ ಬೇಗ ಹಬ್ಬಿ ಬಾಲದ ತುದಿ ಕೊಳೆಯುತ್ತದೆ. ಚುರುಕು ಮೀನುಗಳ ಜೊತೆ ಇಟ್ಟರೆ ಆಹಾರ ಕಣ್ಣೆದುರು ಇದ್ದೂ ಹಸಿವಿನಿಂದ ಸಾಯುತ್ತದೆ. ಹೆಪ್ಪುಗಟ್ಟಿಸಿದ ಮೈಸಿಡ್ ಸಿಗಡಿಯನ್ನು ಕರಗಿಸಿ ದಿನಕ್ಕೆ ಎರಡು ಮೂರು ಬಾರಿ ಕೊಡಬೇಕು, ಉಳಿದದ್ದನ್ನು ತೆಗೆಯಬೇಕು. ಮರಿಗಳಿಗೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿ ಕೊಡುವಾಗ ಸಮಯ ನೋಡಬೇಕು. ಆಗಷ್ಟೇ ಒಡೆದ ಆರ್ಟೀಮಿಯಾಗೆ ಇನ್ನೂ ಬಾಯಿ ತೆರೆದಿರುವುದಿಲ್ಲ, ಅದಕ್ಕೆ ಪೋಷಕ ಎಣ್ಣೆ ಉಣಿಸಿ ಪ್ರಯೋಜನವಿಲ್ಲ. ಎರಡನೆಯ ಹಂತಕ್ಕೆ ಬಂದ ಮೇಲೆ 12ರಿಂದ 24 ಗಂಟೆ ಉಣಿಸಿ ಕೊಟ್ಟರೆ ಮರಿಗಳು ನಿಲ್ಲುತ್ತವೆ. ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಲು ಬಿಟ್ಟರೆ ಮರಿಗಳು ಅಲ್ಲೇ ಸಿಕ್ಕಿಕೊಂಡು ಗಾಳಿ ನುಂಗುತ್ತವೆ, ಕೆಳಗಿಳಿಯಲಾಗದೆ ತೇಲುತ್ತ ಹಸಿವಿನಿಂದ ಸಾಯುತ್ತವೆ.

ಪೆಂಗ್ವಿನ್‌ಗಳಿಗೆ ಇಡೀ ಮೀನು ಬೇಕು, ಮತ್ತು ಹೆಪ್ಪುಗಟ್ಟಿಸಿಟ್ಟ ಮೀನಿನಲ್ಲಿ ಬಿ1 ಜೀವಸತ್ವ ನಾಶವಾಗಿರುತ್ತದೆ. ಹಲವು ಮೀನುಗಳಲ್ಲಿರುವ ಥಯಮಿನೇಸ್ ಎಂಬ ಕಿಣ್ವದ ಕೆಲಸ ಅದು. ಕಿಲೋ ಮೀನಿಗೆ 25ರಿಂದ 30 ಮಿಲಿಗ್ರಾಂ ಥಯಮಿನ್ ಸೇರಿಸದಿದ್ದರೆ ನರಗಳು ಸೋತು ಹಕ್ಕಿ ತೂರಾಡುತ್ತದೆ. ತೇವದ, ಗಾಳಿಯಾಡದ ಕೋಣೆಯಲ್ಲಿ ಆಸ್ಪರ್ಜಿಲ್ಲಸ್ ಶಿಲೀಂಧ್ರ ಶ್ವಾಸಕೋಶ ಸೇರುತ್ತದೆ. ತೆರೆದ ಆವರಣದಲ್ಲಿ ಸೊಳ್ಳೆಯಿಂದ ಹಕ್ಕಿಮಲೇರಿಯಾ ಬರುತ್ತದೆ. ಗಟ್ಟಿ ನೆಲದಲ್ಲಿ ನಿಂತೇ ಇದ್ದರೆ ಅಂಗಾಲು ಹುಣ್ಣಾಗುತ್ತದೆ. ಗರಿ ಉದುರಿಸುವ ಕಾಲದಲ್ಲಿ ಹಕ್ಕಿ ತಿನ್ನದಿದ್ದರೆ ಗಾಬರಿ ಬೇಡ. ಎಲ್ಲ ಗರಿಯೂ ಒಟ್ಟಿಗೆ ಬದಲಾಗುವ ಆ ವಾರಗಳಲ್ಲಿ ನೀರಿಗಿಳಿಯಲಾಗದ ಪೆಂಗ್ವಿನ್ ತನ್ನ ಸಹಜ ನೆಲೆಯಲ್ಲೂ ಉಪವಾಸವೇ ಇರುತ್ತದೆ. ಗಮನಿಸಬೇಕಾದದ್ದು ಅದಕ್ಕಿಂತ ಮುಂಚಿನ ವಾರಗಳನ್ನು. ಆಗ ಹೊಟ್ಟೆಬಾಕನಂತೆ ತಿಂದು ತೂಕ ಏರಿಸಿಕೊಳ್ಳದಿದ್ದರೆ ಅದು ತೊಂದರೆಯ ಸೂಚನೆ.

ಎಣ್ಣೆ ಮೆತ್ತಿದ ಪೆಂಗ್ವಿನ್ ಸಿಕ್ಕ ತಕ್ಷಣ ತೊಳೆಯುವುದು ದೊಡ್ಡ ತಪ್ಪು. ಮೊದಲು ಬೆಚ್ಚಗಿಟ್ಟು, ದ್ರವ ಮತ್ತು ಆಹಾರ ಕೊಟ್ಟು, ಒಂದೆರಡು ದಿನ ಸುಧಾರಿಸಲು ಬಿಡಬೇಕು. ಆಮೇಲೆ 40 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಪಾತ್ರೆ ತೊಳೆಯುವ ದ್ರವ ಬೆರೆಸಿ ತೊಳೆಯಬೇಕು. ತೊಳೆಯುವುದಕ್ಕಿಂತ ಜಾಲಾಡುವುದು ಮುಖ್ಯ. ಸಾಬೂನಿನ ಅಂಶ ಉಳಿದರೂ ಗರಿ ನೀರು ತಡೆಯುವುದಿಲ್ಲ. 2000ದ ಜೂನ್‌ನಲ್ಲಿ ಟ್ರೆಷರ್ ಎಂಬ ಅದಿರು ಹಡಗು ಕೇಪ್‌ಟೌನ್ ಬಳಿ ಮುಳುಗಿದಾಗ ಸುಮಾರು 19,000 ಆಫ್ರಿಕನ್ ಪೆಂಗ್ವಿನ್‌ಗಳನ್ನು ಹೀಗೆ ಶುದ್ಧಗೊಳಿಸಲಾಯಿತು. ಎಣ್ಣೆ ತಾಗದ ಇನ್ನೂ ಸುಮಾರು 19,500 ಹಕ್ಕಿಗಳನ್ನು ಪೂರ್ವದ ಪೋರ್ಟ್ ಎಲಿಜಬೆತ್ ಬಳಿ ಒಯ್ದು ಬಿಟ್ಟರು. ಅವು ನೂರಾರು ಕಿಲೋಮೀಟರ್ ಈಜಿ ಮನೆಗೆ ಬರುವಷ್ಟರಲ್ಲಿ ನೀರನ್ನು ಶುಚಿಗೊಳಿಸಿದ್ದರು. ಊರು ಮರೆಯದ ಹಕ್ಕಿಯ ಗುಣವನ್ನೇ ಅದರ ರಕ್ಷಣೆಗೆ ಬಳಸಿಕೊಂಡ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಎರಡಕ್ಕೂ ಈಗ ಮನುಷ್ಯರು ಮನೆ ಕಟ್ಟಿಕೊಡುತ್ತಿದ್ದಾರೆ. ಸಿಡ್ನಿಯ ಬಂದರಿನಲ್ಲಿ ವೈಟ್ಸ್ ಕಡಲಕುದುರೆಗೆಂದು ಇಳಿಬಿಟ್ಟ ಕಬ್ಬಿಣದ ಸರಳಿನ ಪಂಜರಗಳ ಮೇಲೆ ಪಾಚಿ, ಸ್ಪಂಜು ಬೆಳೆಯುತ್ತವೆ. ಸಣ್ಣ ಕಠಿಣಚರ್ಮಿಗಳು ಬರುತ್ತವೆ, ಹಿಡಿಯಲು ಕಡ್ಡಿಯೂ ತಿನ್ನಲು ಆಹಾರವೂ ಒಂದೇ ಕಡೆ ಸಿಗುತ್ತವೆ. ಕ್ರಮೇಣ ಕಬ್ಬಿಣ ತುಕ್ಕು ಹಿಡಿದು ಕರಗಿ ಬೆಳೆದ ಜೀವಿಗಳಷ್ಟೇ ಉಳಿಯಲಿ ಎಂದೇ ಆ ಲೋಹವನ್ನು ಆರಿಸಿದ್ದು. ಆಫ್ರಿಕನ್ ಪೆಂಗ್ವಿನ್‌ಗಳು ಹಿಂದೆ ಹಕ್ಕಿಹಿಕ್ಕೆಯ ದಪ್ಪ ಪದರದಲ್ಲಿ ಬಿಲ ತೋಡುತ್ತಿದ್ದವು. ಆ ಹಿಕ್ಕೆಯನ್ನು ಗೊಬ್ಬರಕ್ಕೆಂದು ಕೆರೆದೊಯ್ದ ಮೇಲೆ ಬಿಸಿಲಿನಲ್ಲೇ ಮೊಟ್ಟೆ ಇಡಬೇಕಾಯಿತು. ಮೊದಲು ಕೊಟ್ಟ ಫೈಬರ್‌ಗ್ಲಾಸ್ ಗೂಡುಗಳ ಒಳಗೆ ಬಿಸಿ ಏರಿ ಹಕ್ಕಿಗಳು ಮೊಟ್ಟೆ ಬಿಟ್ಟೆದ್ದವು. ಆಮೇಲೆ ಬಂದದ್ದು ಎರಡು ಪದರದ, ಗಾಳಿಯಾಡುವ ಗೂಡು.

ಗೂಡು ತಂಪಾದರೂ ಹೊಟ್ಟೆ ತುಂಬಬೇಕು. ಮರಿ ಇರುವಾಗ ಈ ಪೆಂಗ್ವಿನ್‌ಗಳು ನೆಲೆಯಿಂದ ಹೆಚ್ಚು ದೂರ ಹೋಗಲಾರವು, ಸುಮಾರು 20ರಿಂದ 40 ಕಿಲೋಮೀಟರ್ ಒಳಗೇ ಸಾರ್ಡೀನ್, ಆಂಚೊವಿ ಸಿಗಬೇಕು. ಅದೇ ನೀರಿನಲ್ಲಿ ಬಲೆಯ ದೋಣಿಗಳೂ ಇವೆ. 2024ರಲ್ಲಿ ಈ ಜಾತಿಯನ್ನು ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿಸಿದಾಗ ಉಳಿದಿದ್ದದ್ದು 10,000ಕ್ಕಿಂತ ಕಡಿಮೆ ಜೋಡಿ. ಮರುವರ್ಷ ದಕ್ಷಿಣ ಆಫ್ರಿಕಾದ ನ್ಯಾಯಾಲಯದ ಆದೇಶದಂತೆ ಆರು ಮುಖ್ಯ ನೆಲೆಗಳ ಸುತ್ತ ಸಾರ್ಡೀನ್, ಆಂಚೊವಿ ಬಲೆಗಾರಿಕೆಗೆ ಹತ್ತು ವರ್ಷ ತಡೆ ಬಿತ್ತು. ಎಲ್ಲಿ ಗೆರೆ ಎಳೆಯಬೇಕೆಂಬ ವಾದ ವರ್ಷಗಟ್ಟಲೆ ನಡೆದಿತ್ತು. ಕೊನೆಗೆ ಒಪ್ಪಿದ ಗೆರೆ ಹಕ್ಕಿಗಳು ನಿಜವಾಗಿ ಮೇಯುವ ನೀರಿಗೆ ಹತ್ತಿರವಾದದ್ದು.